ವೈದ್ಯವಿದ್ಯಾರ್ಥಿಯ ವಾರಕ್ಕೆ ಎಷ್ಟು ಗಂಟೆ?

ಪದವಿಪೂರ್ವ ತರಗತಿಗಳಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನನ್ನಂಥವನ ಮುಂದೆ ಪ್ರತಿ ವರ್ಷವೂ ಬಂದು ಕುಳಿತುಕೊಳ್ಳುವ ತರುಣ ತರುಣಿಯರಲ್ಲಿ ಬಹುಮಂದಿಯ ದೃಷ್ಟಿ ಭೌತಶಾಸ್ತ್ರದ ಮೇಲಿರುವುದಿಲ್ಲ. ಅದರ ಆಚೆಗಿರುವ ವೈದ್ಯ ಕಾಲೇಜಿನ ಹೆಬ್ಬಾಗಿಲಿನ ಮೇಲಿರುತ್ತದೆ. ಇದರಲ್ಲಿ ನನಗೆ ಬೇಸರವೇನೂ ಇಲ್ಲ. ನ್ಯೂಟನ್ನನ ನಿಯಮಗಳನ್ನು ಪ್ರವೇಶ ಪರೀಕ್ಷೆಗಾಗಿಯೇ ಕಲಿತರೂ ಅವು ನಿಯಮಗಳಾಗಿಯೇ ಉಳಿಯುತ್ತವೆ. ಆದರೆ ಆ ಬಾಗಿಲಿನ ವಿಷಯವಾಗಿ ಇವರಿಗೆ ತಿಳಿದಿರುವುದು ಅದನ್ನು ದಾಟಲು ಬೇಕಾದ ಅಂಕಗಳ ಲೆಕ್ಕ ಮಾತ್ರ. ದಾಟಿದ ಮೇಲೆ ಐದೂವರೆ ವರ್ಷಗಳ ಎಂ.ಬಿ.ಬಿ.ಎಸ್., ಅದರ ಮೇಲೆ ಮೂರು ವರ್ಷಗಳ ಸ್ನಾತಕೋತ್ತರ ಶಿಕ್ಷಣ. ಈ ಅವಧಿಯಲ್ಲಿ ಒಬ್ಬ ಮನುಷ್ಯನ ವಾರವು ಹೇಗೆ ಕಳೆಯುತ್ತದೆಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಕೇಳಿದರೆ ಹಿರಿಯರಿಂದ ಬರುವ ಉತ್ತರ ಒಂದೇ: ಕಷ್ಟಪಡಬೇಕು, ಕೆಲಸವನ್ನೂ ಸ್ವಂತ ಜೀವನವನ್ನೂ ಸರಿದೂಗಿಸಿಕೊಂಡು ಹೋಗಬೇಕು.

ಈ ‘ಸರಿದೂಗಿಸಿಕೊಂಡು ಹೋಗುವುದು’ ಎಂಬ ಮಾತನ್ನು ಕುರಿತೇ ನನ್ನ ಆಕ್ಷೇಪಣೆ. ತೂಕದ ಕಲ್ಲುಗಳನ್ನೆಲ್ಲ ತಕ್ಕಡಿಯ ಒಂದೇ ತಟ್ಟೆಯಲ್ಲಿಟ್ಟು, ಇನ್ನು ಸರಿದೂಗಿಸು ಎಂದು ಹುಡುಗನ ಕೈಗೆ ಕೊಟ್ಟರೆ ಅದು ಉಪದೇಶವಾದೀತೇ ಹೊರತು ನೆರವಾಗಲಾರದು.

ಲೆಕ್ಕವು ಬಹು ಸರಳವಾದದ್ದು. ವಾರಕ್ಕೆ 7 ದಿನ, ದಿನಕ್ಕೆ 24 ಗಂಟೆ, ಒಟ್ಟು 168 ಗಂಟೆ. ಇದು ಶಕ್ತಿಯ ನಿತ್ಯತೆಯ ನಿಯಮದಷ್ಟೇ ಕಠೋರ. ಯಾವ ಶ್ರದ್ಧೆಯೂ ಇದನ್ನು 169 ಮಾಡಲಾರದು. ದಿನಕ್ಕೆ 7 ಗಂಟೆಯ ನಿದ್ರೆಯೆಂದರೆ 49. ಸ್ನಾನ, ಊಟ, ಬಟ್ಟೆಬರೆ, ಹೋಗಿಬರುವ ದಾರಿ ಇವಕ್ಕೆಲ್ಲ ದಿನಕ್ಕೆ 3 ಗಂಟೆಯಾದರೂ ಬೇಕು, ಅದು 21. ಉಳಿದದ್ದು 98. ವಾರಕ್ಕೆ 48 ಗಂಟೆ ದುಡಿಯುವವನಿಗೆ ಇದರಲ್ಲಿ 50 ಗಂಟೆ ಸ್ವಂತಕ್ಕೆ ದೊರೆಯುತ್ತದೆ. 80 ಗಂಟೆ ದುಡಿಯುವವನಿಗೆ ದೊರೆಯುವುದು 18. ಪರೀಕ್ಷೆಯ ಓದು, ಪ್ರಬಂಧದ ಬರವಣಿಗೆ, ತಾಯಿತಂದೆಗಳೊಡನೆ ಮಾತು, ಗೆಳೆತನ, ಆಟ, ಸಂಗೀತ ಎಲ್ಲವೂ ಆ ಹದಿನೆಂಟರೊಳಗೇ ಅಡಗಬೇಕು. 100 ಗಂಟೆ ದುಡಿಯುವವನಿಗೆ ಉಳಿಯುವುದು ಸೊನ್ನೆಗಿಂತ 2 ಕಡಿಮೆ. ಕಾಗದದ ಮೇಲೆ ಋಣಸಂಖ್ಯೆಯನ್ನು ಬರೆಯಬಹುದು. ಬಾಳಿನಲ್ಲಿ ಅದನ್ನು ಎಲ್ಲಿಂದಲಾದರೂ ಕಿತ್ತು ತುಂಬಲೇಬೇಕು. ಊಟವನ್ನು ಬಿಡಲಾಗದು, ವಾರ್ಡನ್ನು ಬಿಡಲಾಗದು. ಹೀಗಾಗಿ ಮೊದಲು ಬಲಿಯಾಗುವುದು ನಿದ್ರೆ.

ಈ ಪದ್ಧತಿಗೆ ಒಂದು ಚರಿತ್ರೆಯಿದೆ. ಆಸ್ಪತ್ರೆಯಲ್ಲಿ ತರಬೇತಿ ಹೊಂದುವ ಕಿರಿಯ ವೈದ್ಯನನ್ನು ‘ರೆಸಿಡೆಂಟ್’ ಎಂದು ಕರೆಯುವುದು ವಾಡಿಕೆ. ಪದದ ಅರ್ಥ ‘ನಿವಾಸಿ’. ಇದು ಅಲಂಕಾರದ ಮಾತಲ್ಲ. ಮೊದಮೊದಲು ಅವನು ನಿಜವಾಗಿಯೂ ಆಸ್ಪತ್ರೆಯಲ್ಲಿಯೇ ವಾಸಮಾಡುತ್ತಿದ್ದನು. ಅಮೆರಿಕೆಯ ಬಾಲ್ಟಿಮೋರ್ ನಗರದಲ್ಲಿ 1889ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ಆರಂಭವಾದಾಗ ಅಲ್ಲಿನ ಶಸ್ತ್ರಚಿಕಿತ್ಸಾ ವಿಭಾಗವನ್ನು ಕಟ್ಟಿದವನು ವಿಲಿಯಂ ಹಾಲ್‌ಸ್ಟೆಡ್. ಶಿಷ್ಯರು ಆಸ್ಪತ್ರೆಯಲ್ಲಿಯೇ ಇರಬೇಕು, ಹಗಲಿರುಳೂ ಕರೆಗೆ ಓಗೊಡಬೇಕು, ವಿವಾಹದ ಮಾತೆತ್ತಬಾರದು. ಇಂಥ ಒಂದು ಗುರುಕುಲವನ್ನು ಅವನು ಸ್ಥಾಪಿಸಿದನು. ಶಸ್ತ್ರಚಿಕಿತ್ಸೆಯನ್ನು ಆತುರದ ಕಸಬಿನಿಂದ ಸಾವಧಾನದ ವಿಜ್ಞಾನವನ್ನಾಗಿ ಮಾಡಿದವರಲ್ಲಿ ಅವನೊಬ್ಬನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವನ ಗುರುಕುಲವನ್ನು ಆದರ್ಶವೆಂದು ಹೊಗಳುವವರು ಅವನ ಜೀವನದ ಮತ್ತೊಂದು ಮುಖವನ್ನೂ ಅರಿತಿರಬೇಕು. ಕೊಕೇನಿನಿಂದ ಶರೀರದ ಒಂದು ಭಾಗವನ್ನು ಮಾತ್ರ ಮರಗಟ್ಟಿಸಬಹುದೆಂದು 1884ರಲ್ಲಿ ತಿಳಿದುಬಂದಾಗ ಅವನು ಅದನ್ನು ತನ್ನ ಮೇಲೆಯೇ ಪ್ರಯೋಗಿಸಿ ವ್ಯಸನಕ್ಕೆ ಸಿಲುಕಿದನು; ಅನಂತರ ಮಾರ್ಫೀನಿನ ದಾಸನಾದನು. ಅವನ ಸಹೋದ್ಯೋಗಿಯಾಗಿದ್ದ ವಿಲಿಯಂ ಓಸ್ಲರ್ ಬರೆದಿಟ್ಟಿದ್ದ ಗುಟ್ಟಿನ ಟಿಪ್ಪಣಿ 1969ರಲ್ಲಿ ಪ್ರಕಟವಾದ ಮೇಲೆ, ಮಾರ್ಫೀನಿನ ಈ ಸಂಗತಿ ಬೆಳಕಿಗೆ ಬಂದಿತು.

ಹಾಲ್‌ಸ್ಟೆಡ್‌ನ ಬಾಳಿನ ಇನ್ನೊಂದು ಪ್ರಸಂಗವನ್ನು ಇಲ್ಲಿ ಹೇಳದಿರಲಾರೆ. ಅವನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕ್ಯಾರೊಲೈನ್ ಹ್ಯಾಂಪ್ಟನ್ ಎಂಬ ದಾದಿಯಿದ್ದಳು. ಕ್ರಿಮಿನಾಶಕವಾಗಿ ಬಳಸುತ್ತಿದ್ದ ಪಾದರಸದ ಕ್ಲೋರೈಡಿನಿಂದ ಅವಳ ಕೈಗಳ ಚರ್ಮ ಸುಲಿದು ಹುಣ್ಣಾಯಿತು. ಅವಳಿಗಾಗಿ ತೆಳುವಾದ ರಬ್ಬರ್ ಕೈಗವಸುಗಳನ್ನು ಮಾಡಿಕೊಡುವಂತೆ ಹಾಲ್‌ಸ್ಟೆಡ್ ಗುಡ್‌ಇಯರ್ ಕಂಪೆನಿಯನ್ನು ಕೇಳಿಕೊಂಡನು. 1890ರಲ್ಲಿ ಅವರಿಬ್ಬರ ವಿವಾಹವೂ ನೆರವೇರಿತು. ದಾದಿಯ ಕೈಯನ್ನು ಕಾಯಲೆಂದು ಬಂದ ಗವಸು ರೋಗಿಯನ್ನೂ ಕಾಯುತ್ತದೆಂಬುದು ಕೆಲವು ವರ್ಷಗಳಲ್ಲಿ ಸ್ಪಷ್ಟವಾಗಿ, ಅದು ಲೋಕದ ಶಸ್ತ್ರವೈದ್ಯರೆಲ್ಲರ ಕೈಗೆ ಏರಿತು. ಶಿಷ್ಯರಿಗೆ ಬ್ರಹ್ಮಚರ್ಯವನ್ನು ವಿಧಿಸಿದ ಗುರುವಿನ ಕೊಡುಗೆಗಳಲ್ಲಿ ಇಂದಿಗೂ ಪ್ರತಿ ಆಸ್ಪತ್ರೆಯಲ್ಲಿ ಕಾಣುವಂಥದು ಒಬ್ಬಳ ಕೈನೋವನ್ನು ನೋಡಲಾರದೆ ಹುಟ್ಟಿದ್ದು! ಸ್ವಂತ ಜೀವನವೆಂಬುದು ವೃತ್ತಿಯ ಶತ್ರುವೆಂದು ಬಗೆಯುವವರು ಇದಕ್ಕೇನು ಹೇಳುತ್ತಾರೋ.

ಇನ್ನು ನಿದ್ರೆಯ ವಿಷಯ. ಇದರಲ್ಲಿ ಅಭಿಪ್ರಾಯಗಳಿಗಿಂತ ಅಳತೆಗಳು ಹೆಚ್ಚು ಪ್ರಯೋಜನಕಾರಿ. 1997ರಲ್ಲಿ ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ ಎಂಬ ವಿಜ್ಞಾನಿಗಳು ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ಕಣ್ಣು ಮತ್ತು ಕೈಗಳ ಹೊಂದಾಣಿಕೆಯನ್ನು ಅಳೆಯುವ ಒಂದು ಪರೀಕ್ಷೆಯನ್ನು ಅದೇ ಜನರಿಗೆ ಒಮ್ಮೆ ನಿದ್ರೆಗೆಡಿಸಿ ಕೊಟ್ಟರು. ಇನ್ನೊಮ್ಮೆ ಮದ್ಯವನ್ನು ಕುಡಿಸಿ ಕೊಟ್ಟರು. 17 ಗಂಟೆ ಎಚ್ಚರವಾಗಿದ್ದವನ ಸಾಮರ್ಥ್ಯವು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರವಿದ್ದವನ ಮಟ್ಟಕ್ಕೆ ಇಳಿದಿತ್ತು. 24 ಗಂಟೆ ಎಚ್ಚರವಾಗಿದ್ದವನದು ಸುಮಾರು ಶೇಕಡಾ 0.10ರ ಮಟ್ಟಕ್ಕೆ. ನಮ್ಮ ದೇಶದ ಮೋಟಾರು ವಾಹನಗಳ ಕಾಯಿದೆಯಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ, ಎಂದರೆ ಶೇಕಡಾ 0.03ನ್ನು ಮೀರಿದ ಮದ್ಯಸಾರವಿದ್ದವನು ಸ್ಕೂಟರನ್ನು ಕೂಡ ಓಡಿಸುವಂತಿಲ್ಲ. ಹೀಗಿರುವಲ್ಲಿ, ಒಂದು ದಿನ ಒಂದು ರಾತ್ರಿ ಕಣ್ಣು ಮುಚ್ಚದವನ ಕೈಗೆ ಸ್ಕೂಟರನ್ನಲ್ಲ, ಕತ್ತರಿಯನ್ನೂ ಸೂಜಿಯನ್ನೂ ಕೊಡುತ್ತಿದ್ದೇವೆ.

ಇದಕ್ಕಿಂತ ಕಳವಳಕಾರಿಯಾದುದು 2003ರಲ್ಲಿ ವ್ಯಾನ್ ಡಾಂಗೆನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಫಲಿತಾಂಶ. ಎರಡು ವಾರಗಳ ಕಾಲ ದಿನಕ್ಕೆ 4 ಅಥವಾ 6 ಗಂಟೆಗಳು ಮಾತ್ರ ಮಲಗಲು ಬಿಟ್ಟವರ ಗಮನಶಕ್ತಿಯು ದಿನದಿನಕ್ಕೂ ಕುಂದುತ್ತ ಹೋಗಿ, ಒಂದೆರಡು ರಾತ್ರಿ ಪೂರ್ತಿ ನಿದ್ರೆಯಿಲ್ಲದವರ ಮಟ್ಟವನ್ನು ಮುಟ್ಟಿತು. ಆದರೆ ‘ನಿನಗೆ ಎಷ್ಟು ನಿದ್ರೆ ಬರುತ್ತಿದೆ?’ ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ಅಷ್ಟೇನೂ ಬದಲಾಗಲಿಲ್ಲ. ತಾವು ಒಗ್ಗಿಕೊಂಡಿದ್ದೇವೆಂದು ಅವರು ನಂಬಿದ್ದರು. ಪ್ರಯೋಗಶಾಲೆಯಲ್ಲಿ ಕೆಲಸಮಾಡಿದ ವಿದ್ಯಾರ್ಥಿಗಳಿಗೆ ಇದರ ಅರ್ಥ ಕೂಡಲೇ ಹೊಳೆಯಬೇಕು. ದೋಷವಿರುವ ಉಪಕರಣವು ತೊಂದರೆಯೇನೋ ನಿಜ. ಆದರೆ ತನ್ನ ದೋಷವನ್ನು ತಾನೇ ಅಳೆದು ‘ಇಲ್ಲ’ ಎಂದು ತೋರಿಸುವ ಉಪಕರಣವು ಅಪಾಯ. ‘ನಮ್ಮ ಕಾಲದಲ್ಲಿ ನಾವು ಮೂರು ದಿನ ಮಲಗದೆ ದುಡಿದೆವು, ನಮಗೇನೂ ಆಗಲಿಲ್ಲ’ ಎಂಬ ಹಿರಿಯರ ಸಾಕ್ಷ್ಯಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಈ ಪ್ರಯೋಗವನ್ನು ಓದಿದವರೇ ತೀರ್ಮಾನಿಸಲಿ.

ಆಸ್ಪತ್ರೆಯೊಳಗೇ ನಡೆದ ಅಳತೆಯೂ ಉಂಟು. 2004ರಲ್ಲಿ ಬಾಸ್ಟನ್ನಿನ ಒಂದು ದೊಡ್ಡ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ, 24 ಗಂಟೆಗೂ ಮೀರಿದ ಹಳೆಯ ಸರದಿಯಲ್ಲಿ ದುಡಿದ ಕಿರಿಯ ವೈದ್ಯರು, ಸುಮಾರು 16 ಗಂಟೆಗೆ ಮಿತಿಗೊಳಿಸಿದ ಸರದಿಯವರಿಗಿಂತ ಶೇಕಡಾ 36ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದರೆಂದು ಲ್ಯಾಂಡ್ರಿಗನ್ ಮತ್ತು ಸಂಗಡಿಗರು ಕಂಡುಕೊಂಡರು.

ಅಮೆರಿಕೆಯಲ್ಲಿ ಈ ಪ್ರಶ್ನೆ ಸಾರ್ವಜನಿಕವಾದದ್ದು ಒಂದು ಸಾವಿನಿಂದ. 1984ರ ಮಾರ್ಚ್ ತಿಂಗಳಿನಲ್ಲಿ ಲಿಬ್ಬಿ ಜಯಾನ್ ಎಂಬ 18 ವರ್ಷದ ಕಾಲೇಜು ವಿದ್ಯಾರ್ಥಿನಿ ಜ್ವರವೆಂದು ನ್ಯೂಯಾರ್ಕಿನ ಆಸ್ಪತ್ರೆಗೆ ಸೇರಿ, ಬೆಳಗಾಗುವುದರೊಳಗೆ ತೀರಿಕೊಂಡಳು. ಅವಳು ಮೊದಲೇ ಸೇವಿಸುತ್ತಿದ್ದ ಔಷಧಕ್ಕೆ ಹೊಂದದ ಮತ್ತೊಂದನ್ನು ಕೊಡಲಾಗಿತ್ತು. ಅವಳನ್ನು ನೋಡಿಕೊಳ್ಳುತ್ತಿದ್ದ ಕಿರಿಯ ವೈದ್ಯರ ಮೇಲೆ ಆ ರಾತ್ರಿ ಇನ್ನೂ ಹಲವಾರು ರೋಗಿಗಳ ಹೊಣೆಯಿತ್ತು. ಮಗಳನ್ನು ಕಳೆದುಕೊಂಡ ತಂದೆ ಪತ್ರಕರ್ತರಾಗಿದ್ದರು, ಅವರು ಸುಮ್ಮನಾಗಲಿಲ್ಲ. 1989ರಲ್ಲಿ ನ್ಯೂಯಾರ್ಕ್ ಸಂಸ್ಥಾನವು ವಾರಕ್ಕೆ 80 ಗಂಟೆ, ಒಮ್ಮೆಗೆ 24 ಗಂಟೆ ಎಂಬ ಮಿತಿಯನ್ನು ವಿಧಿಸಿತು. 2003ರಲ್ಲಿ 80 ಗಂಟೆಯ ಮಿತಿ ಇಡೀ ದೇಶಕ್ಕೆ ಅನ್ವಯವಾಯಿತು. ಯೂರೋಪಿನ ಒಕ್ಕೂಟದಲ್ಲಿ 2009ರಿಂದ ಕಿರಿಯ ವೈದ್ಯರಿಗೂ ಸರಾಸರಿ 48 ಗಂಟೆಯ ಮಿತಿಯುಂಟು.

ಹಾಗಾದರೆ ನಮ್ಮಲ್ಲಿ? ನಮ್ಮಲ್ಲಿ ನಿಯಮವಿಲ್ಲವೆಂದು ತಿಳಿದಿರುವವರೇ ಹೆಚ್ಚು. ಆದರೆ ಕೇಂದ್ರ ಆರೋಗ್ಯ ಮಂತ್ರಾಲಯವು 1992ರಷ್ಟು ಹಿಂದೆಯೇ ಹೊರಡಿಸಿದ ಆದೇಶವೊಂದಿದೆ. ಕಿರಿಯ ವೈದ್ಯರು ಒಮ್ಮೆಗೆ 12 ಗಂಟೆಗಿಂತ ಹೆಚ್ಚು ದುಡಿಯತಕ್ಕದ್ದಲ್ಲ, ವಾರಕ್ಕೆ ಸಾಧಾರಣವಾಗಿ 48 ಗಂಟೆ, ಸರದಿಯಂತೆ ವಾರಕ್ಕೊಂದು ರಜೆ ಎಂದು ಅದು ಹೇಳುತ್ತದೆ. ಯೂರೋಪಿನ ಮಿತಿಗಿಂತ 17 ವರ್ಷ ಮೊದಲೇ ಬರೆದ ಅದೇ 48! ಆದರೆ ಆ ಆದೇಶಕ್ಕೆ ಒಂದು ಬಾಲವಿದೆ: ಕೆಲಸದ ಒತ್ತಡವನ್ನೂ ವೈದ್ಯರ ಲಭ್ಯತೆಯನ್ನೂ ನೋಡಿಕೊಂಡು ಆಸ್ಪತ್ರೆಯ ಮೇಲಧಿಕಾರಿ ಗಂಟೆಗಳನ್ನು ಸಡಿಲಿಸಬಹುದು. ಮೊದಲ ವಾಕ್ಯದಲ್ಲಿ ಕಟ್ಟಿದ ಗಂಟನ್ನು ಕೊನೆಯ ವಾಕ್ಯ ಬಿಚ್ಚಿಬಿಡುತ್ತದೆ. ರಾಷ್ಟ್ರೀಯ ವೈದ್ಯ ಆಯೋಗದ 2023ರ ನಿಯಮಾವಳಿಯು ಗಂಟೆಗಳ ಸಂಖ್ಯೆಯನ್ನೇ ಹೇಳದೆ, ಕೆಲಸದ ಅವಧಿಯು ‘ಸಮಂಜಸ’ವಾಗಿರಬೇಕೆಂದು ಹೇಳಿತು. ನನ್ನ ವಿದ್ಯಾರ್ಥಿಯೊಬ್ಬನು ವೇಗವೆಷ್ಟೆಂಬ ಪ್ರಶ್ನೆಗೆ ‘ಸಮಂಜಸ’ ಎಂದು ಉತ್ತರ ಬರೆದರೆ ನಾನು ಅಂಕವನ್ನು ಕೊಡಲಾರೆ. 2024ರಲ್ಲಿ ಆಯೋಗದ್ದೇ ಒಂದು ಕಾರ್ಯಪಡೆ ವಿದ್ಯಾರ್ಥಿಗಳ ಮಾನಸಿಕ ಸ್ವಾಸ್ಥ್ಯವನ್ನು ಪರಿಶೀಲಿಸಿ, ವಾರಕ್ಕೆ 74 ಗಂಟೆ ಮೀರಬಾರದೆಂದೂ ವಾರಕ್ಕೊಂದು ದಿನ ಬಿಡುವಿರಬೇಕೆಂದೂ ಶಿಫಾರಸು ಮಾಡಿತು. ಕನಿಷ್ಠಪಕ್ಷ ಒಂದು ಸಂಖ್ಯೆಯಾದರೂ ಬಂದಿತಲ್ಲ ಎಂದು ಸಮಾಧಾನಪಡಬೇಕಾಗಿದೆ.

ಅದೇ 2024ರ ಆಗಸ್ಟ್ ತಿಂಗಳಿನಲ್ಲಿ ಕೋಲ್ಕತ್ತದ ಆರ್. ಜಿ. ಕರ್ ವೈದ್ಯ ಕಾಲೇಜಿನಲ್ಲಿ ನಡೆದ ಘೋರ ಕೃತ್ಯವನ್ನು ವಾಚಕರು ಮರೆತಿರಲಾರರು. ದೀರ್ಘ ಸರದಿಯ ನಡುವೆ ಸ್ವಲ್ಪ ವಿಶ್ರಮಿಸಲೆಂದು ಸೆಮಿನಾರ್ ಕೊಠಡಿಗೆ ಹೋಗಿದ್ದ ಸ್ನಾತಕೋತ್ತರ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರವೆಸಗಿ ಕೊಲೆಮಾಡಲಾಯಿತು. ಕೊಂದವನ ಪಾಪಕ್ಕೆ ವೇಳಾಪಟ್ಟಿಯನ್ನು ಹೊಣೆಮಾಡಲಾಗದು. ಆದರೆ ರಾತ್ರಿಯೆಲ್ಲ ದುಡಿಯಬೇಕಾದ ವೈದ್ಯೆಗೆ ಬಾಗಿಲಿಗೆ ಅಗುಳಿಯಿರುವ ಒಂದು ಕೊಠಡಿ, ಒಂದು ಮಂಚ ಬೇಕೆಂಬುದನ್ನು ಒಂದು ದೇಶ ನೆನೆಯಲು ಅಂಥದೊಂದು ಸಾವು ಬೇಕಾಯಿತೆಂಬುದು ನಾಚಿಕೆಯ ಸಂಗತಿ. ಆ ಮೊಕದ್ದಮೆಯ ವಿಚಾರಣೆಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಕಿರಿಯ ವೈದ್ಯರ 36 ಗಂಟೆಗಳ ಸರದಿಯ ಬಗ್ಗೆ ಕಳವಳವನ್ನು ವ್ಯಕ್ತಪಡಿಸಿತು.

ಎದುರು ಪಕ್ಷದ ವಾದವನ್ನೂ ಕೇಳಬೇಕು, ಅದು ಹುರುಳಿಲ್ಲದ್ದಲ್ಲ. ರೋಗವು ಗಡಿಯಾರವನ್ನು ನೋಡಿ ನಡೆಯುವುದಿಲ್ಲ, ಸಂಜೆ ಸೇರಿದ ರೋಗಿಯ ಸ್ಥಿತಿ ಮುಂಜಾವಿಗೆ ಹೇಗೆ ತಿರುಗುತ್ತದೆಂಬುದನ್ನು ಬಳಿಯಲ್ಲಿದ್ದು ನೋಡಿಯೇ ಕಲಿಯಬೇಕು, ಸರದಿ ಬದಲಾದಾಗಲೆಲ್ಲ ಕೈಯಿಂದ ಕೈಗೆ ದಾಟಿಸುವ ಮಾಹಿತಿಯಲ್ಲಿ ಸ್ವಲ್ಪ ಸೋರಿಹೋಗುತ್ತದೆ ಎಂದು ಹಿರಿಯ ವೈದ್ಯರು ಹೇಳುತ್ತಾರೆ. ಅಮೆರಿಕೆಯಲ್ಲಿ 2016ರಲ್ಲಿ ಶಸ್ತ್ರವೈದ್ಯರ ಮೇಲೆ ಪ್ರಕಟವಾದ ಒಂದು ವಿಸ್ತಾರವಾದ ಪ್ರಯೋಗವು ಅವರ ಪರವಾಗಿಯೇ ನಿಂತಿತು: 80 ಗಂಟೆಯ ಮಿತಿಯೊಳಗೆ ಒಂದೊಂದು ಸರದಿಯನ್ನು ಉದ್ದಮಾಡಿದರೂ ರೋಗಿಗಳಿಗೆ ಹೆಚ್ಚಿನ ಹಾನಿ ಕಾಣಲಿಲ್ಲ. ಇದನ್ನು ಮರೆಮಾಚುವುದು ವಿಜ್ಞಾನಕ್ಕೆ ಒಪ್ಪುವುದಿಲ್ಲ. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಅಲ್ಲಿನ ಉದ್ದನೆಯ ಸರದಿಯೂ 80ರ ಬೇಲಿಯೊಳಗಿನದು. ಬೇಲಿಯೇ ಇಲ್ಲದ ಹೊಲಕ್ಕೆ ಆ ಫಲಿತಾಂಶ ಅನ್ವಯಿಸದು. ಎರಡನೆಯದಾಗಿ, ಉದ್ದ ಸರದಿಯ ಆ ವೈದ್ಯರು ರೋಗಿಗಳ ಸೇವೆ ಅಖಂಡವಾಗಿ ನಡೆಯುತ್ತದೆಂದು ತೃಪ್ತಿಪಟ್ಟರೂ, ಮನೆಯವರೊಡನೆ ಕಳೆಯುವ ಕಾಲಕ್ಕೂ ವಿಶ್ರಾಂತಿಗೂ ಆರೋಗ್ಯಕ್ಕೂ ಅದರಿಂದ ಪೆಟ್ಟುಬಿದ್ದಿತೆಂದು ತಾವೇ ಹೇಳಿದರು. ರೋಗಿ ಉಳಿದನೆಂದ ಮಾತ್ರಕ್ಕೆ ವೈದ್ಯನಿಗೆ ನಷ್ಟವಾಗಲಿಲ್ಲವೆಂದು ಅರ್ಥವಲ್ಲ.

ನನಗೆ ಎಲ್ಲಕ್ಕಿಂತ ಬೋಧಪ್ರದವಾಗಿ ಕಂಡದ್ದು 2020ರಲ್ಲಿ ಲ್ಯಾಂಡ್ರಿಗನ್ನರ ತಂಡವೇ ಆರು ಮಕ್ಕಳ ತೀವ್ರ ನಿಗಾ ಘಟಕಗಳಲ್ಲಿ ನಡೆಸಿದ ಪ್ರಯೋಗ. ಈ ಬಾರಿ ಸರದಿಯನ್ನು ಚಿಕ್ಕದು ಮಾಡಿದಾಗ ತಪ್ಪುಗಳು ಕಡಿಮೆಯಾಗುವ ಬದಲು ಹೆಚ್ಚಾದವು! ಕಾರಣವನ್ನು ಹುಡುಕಿದಾಗ ತಿಳಿದದ್ದು: ಚಿಕ್ಕ ಸರದಿಯಲ್ಲಿ ಒಬ್ಬೊಬ್ಬ ವೈದ್ಯನ ಪಾಲಿಗೆ ಬಿದ್ದ ರೋಗಿಗಳ ಸಂಖ್ಯೆ ಹೆಚ್ಚಾಗಿತ್ತು. ಆ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ವ್ಯತ್ಯಾಸ ಅಳಿಸಿಹೋಯಿತು. ಗಂಟೆಗಳನ್ನು ಕತ್ತರಿಸಿ ಕೈಗಳನ್ನು ಹೆಚ್ಚಿಸದಿದ್ದರೆ, ಅದೇ ನೀರನ್ನು ಸಣ್ಣ ನಳಿಗೆಯಲ್ಲಿ ನುಗ್ಗಿಸಿದಂತಾಗುತ್ತದೆ. ನಮ್ಮ 1992ರ ಆದೇಶ ಕಾಗದದ ಮೇಲೆಯೇ ಉಳಿದುದರ ಗುಟ್ಟೂ ಇದೇ ಎಂದು ನನ್ನ ನಂಬಿಕೆ. ಸ್ನಾತಕೋತ್ತರ ವಿದ್ಯಾರ್ಥಿಯು ಕಲಿಯಲು ಬಂದವನು. ಆದರೆ ದೊಡ್ಡ ಆಸ್ಪತ್ರೆಗಳ ದೈನಂದಿನ ಕೆಲಸವನ್ನು ಹೊತ್ತು ನಡೆಸುವವನೂ ಅವನೇ. ಅವನನ್ನು ಮನೆಗೆ ಕಳುಹಿಸಿದರೆ ಆ ಜಾಗದಲ್ಲಿ ನಿಲ್ಲಲು ಬೇರೊಬ್ಬನಿಗೆ ಸಂಬಳ ಕೊಡಬೇಕಾಗುತ್ತದೆ. ಹೀಗಿರುವಾಗ ‘ಸರಿದೂಗಿಸಿಕೋ’ ಎಂಬ ಉಪದೇಶಕ್ಕೆ ಖರ್ಚಿಲ್ಲ. ಅದಕ್ಕೇ ಅದು ಅಷ್ಟು ಹೇರಳ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಶಸ್ತ್ರಚಿಕಿತ್ಸೆಯಲ್ಲಿ ಸ್ನಾತಕೋತ್ತರ ಓದುತ್ತಿದ್ದಾಗ ತಂಗಿಯ ಮದುವೆಗೆ ಬಂದಿದ್ದನು. ಅವನಿಗೆ ದೊರೆತಿದ್ದುದು ಒಂದು ಹಗಲು. ಧಾರೆಯ ಹೊತ್ತಿಗೆ ಛತ್ರದ ಕಂಬಕ್ಕೊರಗಿ ಕುಳಿತವನು ಹಾಗೆಯೇ ನಿದ್ರೆಹೋದನು. ನಾದಸ್ವರ, ಡೋಲು ಯಾವುದೂ ಅವನನ್ನು ಎಬ್ಬಿಸಲಿಲ್ಲ. ಬಂಧುಗಳು ನಕ್ಕರು, ಅವನ ತಾಯಿ ಮಾತ್ರ ನಗಲಿಲ್ಲ. ಎಬ್ಬಿಸಲು ಹೋದವರನ್ನು ಆಕೆ ಕಣ್ಸನ್ನೆಯಿಂದಲೇ ತಡೆದರು. ಆ ಧಾರೆಯನ್ನು ಅವನು ಫೋಟೋಗಳಲ್ಲಿ ನೋಡಿದ್ದಾನೆ.

ಇದನ್ನೆಲ್ಲ ಮುಂದೆ ಸರಿಪಡಿಸಿಕೊಳ್ಳಬಹುದೆಂದು ಹೇಳುವವರುಂಟು. ಮೂರು ವರ್ಷವಷ್ಟೆ, ಆಮೇಲೆ ಬಾಳೆಲ್ಲ ಇದೆ ಎನ್ನುತ್ತಾರೆ. ಆದರೆ ಆ ವರ್ಷಗಳು ಯಾವುವು? ಇಪ್ಪತ್ತನಾಲ್ಕರಿಂದ ಮೂವತ್ತರವರೆಗಿನವು. ಸಂಗಾತಿಯನ್ನು ಆರಿಸಿಕೊಳ್ಳುವುದು, ಹೆರಿಗೆ, ಅಜ್ಜಿತಾತಂದಿರ ಕೊನೆಯ ದಿನಗಳು, ತಂದೆಯ ಮೊದಲ ಹೃದಯಾಘಾತ, ಎಲ್ಲವೂ ಬರುವುದು ಆ ಅವಧಿಯಲ್ಲಿಯೇ. ಇವು ಬ್ಯಾಂಕಿನ ಠೇವಣಿಯಂತೆ ಕಾದು ಕುಳಿತಿರುವುದಿಲ್ಲ. ಸೋರುವ ಧಾರಕದಲ್ಲಿ ಇಟ್ಟ ವಿದ್ಯುದಂಶದಂತೆ, ಬಳಸದಿದ್ದರೂ ಕಳೆದುಹೋಗುತ್ತವೆ. ಹೆಣ್ಣುಮಕ್ಕಳಿಗೆ ಈ ಲೆಕ್ಕ ಇನ್ನೂ ಬಿಗಿಯಾದದ್ದೆಂದು ಬೇರೆ ಹೇಳಬೇಕಾದುದಿಲ್ಲ. ಅದೂ ಅಲ್ಲದೆ, ಆಸ್ಪತ್ರೆಯ ಹೊರಗೆ ಏನನ್ನೂ ಕಾಣದ ವೈದ್ಯನು ಒಳ್ಳೆಯ ವೈದ್ಯನಾಗುತ್ತಾನೆಂಬುದಕ್ಕೆ ಯಾವ ಆಧಾರವೂ ಇಲ್ಲ. ಬೆಂಗಳೂರಿನಲ್ಲಿ ವೈದ್ಯವೃತ್ತಿ ನಡೆಸುತ್ತಲೇ 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿ ಕನ್ನಡಿಗರನ್ನು ನಗಿಸಿದ ಡಾಕ್ಟರ್ ಎಂ. ಶಿವರಾಂ, ಎಂದರೆ ನಮ್ಮ ‘ರಾಶಿ’ಯವರು, ನೂರು ಗಂಟೆಗಳ ವಾರದಲ್ಲಿ ಅದನ್ನು ಮಾಡಬಲ್ಲವರಾಗಿದ್ದರೇ?

ವೈದ್ಯರಾಗಬೇಡಿರೆಂದು ನಾನು ನಿಮಗೆ ಹೇಳುತ್ತಿಲ್ಲ. ನಮ್ಮ ನಾಡಿಗೆ ವೈದ್ಯರು ಬೇಕು, ಅದರಲ್ಲಿಯೂ ನೀವು ಬೇಕು. ಆದರೆ ಹೋಗುವ ಮೊದಲು ಒಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿರಿ: ಇಲ್ಲಿ ವಾರಕ್ಕೆ ಎಷ್ಟು ಗಂಟೆ? ಶುಲ್ಕವೆಷ್ಟು, ಹಾಸ್ಟೆಲ್ ಹೇಗಿದೆ ಎಂದು ಕೇಳುವ ತಂದೆತಾಯಿಗಳೂ ಇದನ್ನು ಕೇಳಲಿ. ನಿಮ್ಮ ಸಹಪಾಠಿಯೊಬ್ಬನು ಎರಡು ರಾತ್ರಿ ನಿದ್ರೆಗೆಟ್ಟೆನೆಂದು ಜಂಬಪಟ್ಟರೆ ಚಪ್ಪಾಳೆ ತಟ್ಟಬೇಡಿರಿ. ಸ್ಕೂಟರಿನ ಕೀಲಿಯನ್ನು ಕಸಿದುಕೊಂಡು ಮಲಗಲು ಕಳುಹಿಸಿರಿ.

ಕಾಲೇಜುಗಳನ್ನು ನಡೆಸುವವರಲ್ಲಿಯೂ ನನ್ನದೊಂದು ಸಲಹೆಯಿದೆ. ಅಳೆಯದ ವಸ್ತುವನ್ನು ಕುರಿತು ವಾದಮಾಡುವುದು ಭೌತಶಾಸ್ತ್ರದವರಿಗೆ ಸರಿಬೀಳುವುದಿಲ್ಲ. ಸ್ನಾತಕೋತ್ತರ ವೈದ್ಯವಿದ್ಯಾರ್ಥಿಗಳು ತಾವು ನೋಡಿದ ರೋಗಿಗಳ, ಮಾಡಿದ ಶಸ್ತ್ರಚಿಕಿತ್ಸೆಗಳ ವಿವರವನ್ನು ದಿನಚರಿ ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮ ಈಗಾಗಲೇ ಇದೆ. ಅದೇ ಪುಸ್ತಕದಲ್ಲಿ ಇನ್ನು ಮೂರು ಅಂಕಣಗಳನ್ನು ಎಳೆದರೆ ಸಾಕು: ಕೆಲಸಕ್ಕೆ ಬಂದ ಹೊತ್ತು, ಬಿಟ್ಟ ಹೊತ್ತು, ನಡುವೆ ಮಲಗಿದ ಹೊತ್ತು. ವಿದ್ಯಾರ್ಥಿಯ ಹೆಸರನ್ನು ಕಾಣಿಸದೆ, ವಿಭಾಗವಾರು ಸರಾಸರಿಯನ್ನು ವರ್ಷಕ್ಕೊಮ್ಮೆ ಕಾಲೇಜು ಪ್ರಕಟಿಸಲಿ. ಸೀಟು ಆರಿಸಿಕೊಳ್ಳುವ ದಿನ ಶುಲ್ಕದ ಪಟ್ಟಿಯ ಪಕ್ಕದಲ್ಲಿಯೇ ಅದನ್ನೂ ಗೋಡೆಗೆ ಅಂಟಿಸಲಿ.